ಬಾರ್ಲಿ ಒಡೆಯೋಕೆ ಯಾವ ಮಿಷನ್ನು?

ನಾನು ಏನು ಕೈಗೆತ್ತಿಕೊಂಡರೂ ಅದು ಕೊನೆಗೆ ಆಸ್ಪತ್ರೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಜೇನು ಸಾಕಲು ಹೋದೆ, ಪಕ್ಕದ ಮನೆಯವರು ಮೂರು ದಿನ ಅಡ್ಮಿಟ್ ಆದರು. ಬಿಯರ್ ಮಾಡಲು ಹೊರಟದ್ದು ನಿವೃತ್ತಿಯಾದ ಮೇಲೆ. ಮೂವತ್ತು ವರ್ಷ ಕೊಳ್ಳೇಗಾಲದಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಊರಿನ ಯಾವ ಬಾರಿಗೆ ಹೋದರೂ ಟೇಬಲ್ ಒರೆಸುವವನೋ, ಟೇಬಲ್ ಮೇಲೆ ಮಲಗಿದವನೋ ನನ್ನ ಶಿಷ್ಯನೇ ಆಗಿರುತ್ತಾನೆ. ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಮೊಬೈಲ್ ನೋಡಿ ಕಲಿತು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ತರಿಸಿದೆ. ಅದನ್ನು ಒಡೆಯಬೇಕು. ಕಾಳು ಎರಡು ಮೂರು ಚೂರಾಗಬೇಕು, ಸಿಪ್ಪೆ ಹಾಗೇ ಉಳಿಯಬೇಕು, ಹಿಟ್ಟಂತೂ ಆಗಲೇಬಾರದು.

ಅವ್ವನ ಬೀಸೋಕಲ್ಲು ಇದ್ದಿದ್ದರೆ ಈ ಪಾಡೇ ಇರಲಿಲ್ಲ. ಅದು ನಮ್ಮ ಹಳ್ಳಿ ಶಾಗ್ಯದಲ್ಲಿ ತಮ್ಮನ ಹತ್ತಿರ ಇತ್ತು. ಅವ್ವನ ತಿಥಿಯ ದಿನವೇ ಆ ಕಲ್ಲು ನನಗೆ, ತನಗೆ ಎಂದು ಜಗಳವಾಡಿ ಎಂಟು ವರ್ಷ ಮಾತು ಬಿಟ್ಟಿದ್ದೆವು. ಇಬ್ಬರ ಮನೆಯಲ್ಲೂ ಬೀಸುವವರು ಒಬ್ಬರೂ ಇರಲಿಲ್ಲ ಅನ್ನುವುದು ಬೇರೆ ಮಾತು.

೧. ಮಿಕ್ಸಿ

ಮೊದಲು ಹೆಂಡತಿಯ ಮಿಕ್ಸಿಗೆ ಹಾಕಿದೆ. ಅರ್ಧ ಹಿಟ್ಟಾಯಿತು, ಅರ್ಧ ಹಾಗೇ ಉಳಿಯಿತು, ಮೋಟರಿನಿಂದ ಹೊಗೆ ಬಂತು. ಹೆಂಡತಿ ಜಾರ್ ತೆಗೆದು ಮೂಸಿ ನೋಡಿದಳು.

"ನೀವು ಕುಡಿಯೋಕೆ ಶುರು ಮಾಡೋ ಮುಂಚೇನೇ ಮನೇಲಿ ಒಂದು ಹೆಣ ಬಿತ್ತು" ಎಂದಳು.

೨. ರಾಗಿ ಮಿಲ್ಲು

ಮಿಲ್ಲಿನಲ್ಲಿ ಚೀಲ ಬಿಚ್ಚಿ "ಬಾರ್ಲಿ" ಎಂದ ಕೂಡಲೇ ಮಿಲ್ಲಿನವನು ಮಿಷನ್ ಆಫ್ ಮಾಡಿದ. ನಮ್ಮ ಕಡೆ ಬಾರ್ಲಿ ತರುವುದು ಕಿಡ್ನಿ ಕೆಟ್ಟವರ ಮನೆಯವರು ಮಾತ್ರ. ಸಾಲಿನಲ್ಲಿ ಹಳೇ ಶಿಷ್ಯೆಯರು ನಾಲ್ವರು ಡಬ್ಬ ಹಿಡಿದು ನಿಂತಿದ್ದರು. ಅವರೆದುರು ಬಿಯರ್ ಎನ್ನಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿದೆ.

"ನಮ್ಮಪ್ಪಂಗೂ ಬಾರ್ಲಿ ನೀರೇ ಕೊಡ್ತಿದ್ದೋ ಸಾ. ಆರು ತಿಂಗ್ಳು ಇದ್ರು" ಎಂದು ಅವನು ಸಮಾಧಾನ ಹೇಳಿದ.

ನುಚ್ಚು ಸಾಕಪ್ಪಾ ಎಂದರೂ ಕೇಳದೆ ಮೂರು ಸಲ ಬಿಟ್ಟು ವಿಭೂತಿಯಷ್ಟು ನುಣ್ಣಗೆ ಮಾಡಿಕೊಟ್ಟ. ಕಾಸು ಮುಟ್ಟಲಿಲ್ಲ.

"ಓಗೋರತ್ರ ಏನ್ ಇಸ್ಕೊಳ್ಳದು ಸಾ" ಎಂದ.

೩. ಕೋಳಿ ಮಿಷನ್ನು

ಹನೂರಿನಲ್ಲಿ ಕೋಳಿಗೆ ಮುಸುಕಿನ ಜೋಳ ಒಡೆಯುವ ಮಿಷನ್ ಇದೆ ಎಂದು ಕೇಳಿ ಉಳಿದ ಬಾರ್ಲಿಯಲ್ಲಿ ಸ್ವಲ್ಪ ಹೊತ್ತುಕೊಂಡು ಬಸ್ಸು ಹತ್ತಿದೆ. ಸುದ್ದಿ ನನಗಿಂತ ಮುಂಚಿನ ಬಸ್ಸಿನಲ್ಲೇ ಹೋಗಿತ್ತು.

"ಕೋಳಿಗಾ ಸಾ?" ಎಂದ ಮಿಷನ್ನಿನವನು.

"ನನಗೇ" ಎಂದೆ.

ಅವನ ಕಣ್ಣಲ್ಲಿ ನೀರು ತುಂಬಿತು. "ಕಿಡ್ನಿ ವಿಚಾರ ಗೊತ್ತಾಯ್ತು. ತಲೆಗೂ ಏರ್ಬುಟ್ಟದ ಅಂತ ಗೊತ್ತಿರ್ಲಿಲ್ಲ ಸಾ" ಎಂದು ನನ್ನನ್ನು ಕೈಹಿಡಿದು ಬಸ್ ಸ್ಟ್ಯಾಂಡಿಗೆ ತಂದು ಬಿಟ್ಟ.

೪. ಯಳಂದೂರಿನ ಬೀಗರು

ಭಾನುವಾರ ಯಳಂದೂರಿನಿಂದ ಬೀಗರು ಮೂಸಂಬಿ ಹಿಡಿದು ಬಂದರು. ಬೀಗರೆದುರು ಬಿಯರ್ ಮಾತು ಎತ್ತುವುದಕ್ಕಿಂತ ಅಳುವುದೇ ಮರ್ಯಾದೆ ಅನ್ನಿಸಿ ಹೆಂಡತಿ ಅತ್ತೇಬಿಟ್ಟಳು. ಅಲ್ಲಿಗೆ ನನ್ನ ಕಾಯಿಲೆ ಖಾತ್ರಿಯಾಯಿತು. ಹಿರಿಯ ಬೀಗರು ಗೋಡೆ ಮೇಲಿನ ನಮ್ಮಪ್ಪ ಅವ್ವನ ಫೋಟೋ ನೋಡಿ, ಪಕ್ಕದ ಖಾಲಿ ಜಾಗವನ್ನೂ ನೋಡಿದರು.

"ಮಕ ಊದ್ಕೊಳ್ಳೋ ಮುಂಚೆ ಒಂದ್ ಒಳ್ಳೆ ಪೋಟ ತೆಗಿಸ್ಬುಡಿ ಬೀಗ್ರೆ" ಎಂದರು.

೫. ತಮ್ಮ

ಮಾರನೇ ದಿನ ಮನೆ ಮುಂದೆ ಆಟೋ ನಿಂತಿತು. ತಮ್ಮ ಇಳಿದ. ಎಂಟು ವರ್ಷಕ್ಕೆ ಅವನ ತಲೆ ಪೂರಾ ಬೆಳ್ಳಗಾಗಿತ್ತು. ಆಟೋದವನೂ ಅವನೂ ಸೇರಿ ಅವ್ವನ ಬೀಸೋಕಲ್ಲನ್ನು ಜಗಲಿ ಮೇಲೆ ಇಳಿಸಿದರು.

"ಮಿಷನ್ ಬಿಸಿಗೆ ಬಾರ್ಲಿ ಸತ್ವ ಓಯ್ತದಂತ. ಇದ್ರಲ್ಲಿ ಬೀಸ್ಕೊಂಡು ಕುಡಿ. ನನ್ನ ಕಿಡ್ನಿ ಒಂದ ತಕ್ಕೊ ಕಣಣ್ಣಾ. ಮೈಸೂರಲ್ಲಿ ರಕ್ತ ಕೊಟ್ಟು ಬಂದಿವ್ನಿ, ನಾಳಿದ್ದು ರಿಪೋಟು" ಎಂದ. ಆಮೇಲೆ ಬೆರಳು ತೋರಿಸಿ, "ಕಿಡ್ನಿ ನೀನೇ ಮಡಿಕ್ಕೊ. ಕಲ್ಲ ಮಾತ್ರ ವಾಸಿಯಾದ್ ಮ್ಯಾಲ ವಾಪಸ್ ಕೊಡ್ಬೇಕು" ಎಂದ.

ನಾಚಿಕೆ ಬಿಟ್ಟು ನಿಜ ಹೇಳಿದೆ. ಅವನು ಕೆಮ್ಮು ಬರುವಷ್ಟು ನಕ್ಕ. ಇಬ್ಬರೂ ಕಲ್ಲಿನ ಮುಂದೆ ಕೂತು ಉಳಿದ ಬಾರ್ಲಿಯಲ್ಲಿ ಒಂದು ಹಿಡಿ ಹಾಕಿ ತಿರುಗಿಸಿದೆವು. ಕಾಳು ಎರಡು ಮೂರು ಚೂರಾಯಿತು, ಸಿಪ್ಪೆ ಹಾಗೇ ಉಳಿಯಿತು. ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ರಿಪೋರ್ಟು ಬಂತು. ಕೆಟ್ಟಿದ್ದು ಅವನ ಕಿಡ್ನಿ, ಎರಡೂ. ಕಾಲು ಊದುವುದನ್ನು ಅವನು ಗದ್ದೆ ಕೆಲಸದ ಸುಸ್ತು ಅಂದುಕೊಂಡಿದ್ದನಂತೆ. ನನಗೆ ಕೊಡಲು ಹೋಗದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತು ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಈಗ ಕೊಡುವವನು ನಾನು. ಕಳೆದ ವಾರ ಮೈಸೂರಿನಲ್ಲಿ ನನ್ನ ಪರೀಕ್ಷೆ ಶುರುವಾಯಿತು. ತಮ್ಮ ಪಕ್ಕದಲ್ಲೇ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದ.

"ಕುಡಿಯೋ ಅಭ್ಯಾಸ ಇದೆಯಾ?" ಎಂದರು ಡಾಕ್ಟರು.

"ಇಲ್ಲ ಸಾರ್. ಕಾಳು ಒಡೆಯೋದರಲ್ಲೇ ನಿಂತುಹೋಯ್ತು" ಎಂದೆ.

ಡಾಕ್ಟರು ಪೆನ್ನು ಎತ್ತಿ ನನ್ನನ್ನೇ ನೋಡಿದರು. ತಮ್ಮ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡ.

"ಅಣ್ಣಾ, ಡಾಕ್ಟ್ರು ಮುಂದೇನೇ ಯೋಳ್ಬುಡ್ತೀನಿ. ಕಿಡ್ನಿ ಕೊಟ್ಟೆ ಅಂತ ಅವ್ವನ ಬೀಸೋಕಲ್ಲ ಮಡಿಕ್ಕೊಬ್ಯಾಡ."