ಬಾಗಿಲು ತೆರೆಯತಕ್ಕದ್ದಲ್ಲ

ಉಗ್ರಾಣದ ಅಣ್ಣನವರ ನಿವೃತ್ತಿಯು ಶುಕ್ರವಾರ ಸಂಜೆ ನಾಲ್ಕಕ್ಕೆ, ಬೀಳ್ಕೊಡುಗೆ ಊಟದ ತರುವಾಯ ಜಾರಿಗೆ ಬರತಕ್ಕದ್ದೆಂದು ನಮ್ಮ ಕಚೇರಿಯು ಲಿಖಿತವಾಗಿ ತೀರ್ಮಾನಿಸಿತ್ತು. ಊಟವಾಗದೆ ಯಾರೂ ನಿವೃತ್ತರಾಗುವಂತಿಲ್ಲ.

ಈ ಊಟಕ್ಕೆಂದೇ ಕ್ಯಾಂಟೀನಿಗೆ ಕರೆಂಟಿನ ಹೊಗೆಪೆಟ್ಟಿಗೆಯೊಂದು ಬಂದಿತ್ತು. ಮರದ ಚಕ್ಕೆಯ ಹೊಗೆಯಲ್ಲಿ, ಸಣ್ಣ ಶಾಖದಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಯಂತ್ರ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಅಡುಗೆಯವನು ದೊಡ್ಡದೊಂದು ತುಂಡನ್ನು ಒಳಗಿಟ್ಟು ಬಾಗಿಲು ಹಾಕಿದ.

"ಹತ್ತು ಗಂಟೆ ಬೇಕು ಸಾರ್. ಬಾಗಿಲು ಒಂದ್ಸಲ ತೆಗೆದ್ರೆ ಶಾಖ ಇಳಿದು ಅರ್ಧ ಗಂಟೆ ಜಾಸ್ತಿ ಆಗುತ್ತೆ. ಚಕ್ಕೆ ಹಾಕೋಕೆ ಪಕ್ಕದಲ್ಲೇ ಕಿಂಡಿ ಇದೆ. ಕೈ ಮುಗೀತೀನಿ, ಯಾರೂ ಬಾಗಿಲು ಮುಟ್ಬೇಡಿ."

ವ್ಯವಸ್ಥಾಪಕರು ಇದನ್ನು ಗಂಭೀರವಾಗಿ ಪರಿಗಣಿಸಿ ಕೂಡಲೇ ಸುತ್ತೋಲೆ ಹೊರಡಿಸಿದರು: "ಹೊಗೆಪೆಟ್ಟಿಗೆಯ ಬಾಗಿಲನ್ನು ಯಾರೂ ತೆರೆಯತಕ್ಕದ್ದಲ್ಲ. ಒಳಗಿನ ಮಾಂಸಕ್ಕೆ ಯಾರೂ ಕೈ ಹಚ್ಚಿಲ್ಲವೆಂಬುದನ್ನು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಖಚಿತಪಡಿಸಿಕೊಂಡು ಸಹಿ ಹಾಕತಕ್ಕದ್ದು."

ಹನ್ನೊಂದು ಗಂಟೆಯ ಹೊತ್ತಿಗೆ ಹದಿನೈದು ಪರಿಶೀಲನೆಗಳು ಯಶಸ್ವಿಯಾಗಿ ಮುಗಿದಿದ್ದವು. ಅಡುಗೆಯವನು ತಲೆ ಮೇಲೆ ಕೈ ಹೊತ್ತು ಬಂದ. "ಶುರುವಿನಲ್ಲಿ ಹತ್ತು ಗಂಟೆ ಬೇಕಿತ್ತು ಸಾರ್. ಐದು ಗಂಟೆ ಬೇಯಿಸಿದ ಮೇಲೆ ಈಗ ಇನ್ನೂ ಹನ್ನೆರಡೂವರೆ ಬೇಕು!"

"ಭೇಷ್! ಅಂಕಿ ಏರ್ತಾ ಇದೆ," ಎಂದು ವ್ಯವಸ್ಥಾಪಕರು ಬೆನ್ನು ತಟ್ಟಿದರು.

"ಒಳಗಿನ ಶಾಖ ಹೊರಗಡೇನೇ ಕಾಣುತ್ತೆ. ಥರ್ಮಾಮೀಟರ್ ಇದೆ ಸಾರ್, ಯಾರಾದ್ರೂ ಬಾಗಿಲು ತೆಗೆದಿದ್ರೆ ಅದೇ ಹೇಳುತ್ತೆ."

"ಅದಕ್ಕೆ ಸಹಿ ಹಾಕೋಕೆ ಬರುತ್ತೇನಯ್ಯಾ?"

ಬರುವುದಿಲ್ಲವೆಂದು ಅವನು ಒಪ್ಪಿಕೊಳ್ಳಬೇಕಾಯಿತು.

ನಾಲ್ಕು ಗಂಟೆಗೆ ಹೊಸ ಅಂಗಿ ತೊಟ್ಟು ಕುಳಿತಿದ್ದ ಅಣ್ಣನವರಿಗೆ ಮನೆಯಿಂದ ಫೋನು ಬಂತು. "ರಿಟೈರ್ ಆದ್ರಾ?"

"ಇಲ್ಲ ಕಣೇ, ಇನ್ನೂ ಬೆಂದಿಲ್ಲ."

ಸೋಮವಾರವೂ ಬೇಯಲಿಲ್ಲ. ಉಗ್ರಾಣದ ಬೀಗದಕೈಯನ್ನು ಆಗಲೇ ಒಪ್ಪಿಸಿದ್ದ ಅಣ್ಣನವರು ಸುಮ್ಮನೆ ಕೂತಿದ್ದು ವ್ಯವಸ್ಥಾಪಕರ ಕಣ್ಣಿಗೆ ಬಿದ್ದು, ಬಾಗಿಲು ತೆರೆಯುವ ಕೆಲಸವನ್ನು ಅವರಿಗೇ ವಹಿಸಲಾಯಿತು. ಮೊದಲಿಗೆ ಅವರು, "ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕ್ಕೊಳ್ಳೋದಾ?" ಎಂದರು. ಆದರೆ ಕುರ್ಚಿಗೆ ದಿಂಬು, ಗಂಟೆಗೊಂದು ಚಹಾ, ಬೆಚ್ಚನೆಯ ಮೂಲೆ. ಮೂವತ್ತೈದು ವರ್ಷದಲ್ಲಿ ಇಷ್ಟು ಸುಖವನ್ನು ಅವರು ಕಂಡಿರಲಿಲ್ಲ. ಬುಧವಾರದಿಂದ ಅವರು ಹತ್ತು ನಿಮಿಷಕ್ಕೊಮ್ಮೆ ತೆರೆಯತೊಡಗಿದರು.

ಸಿಬ್ಬಂದಿಗೂ ದೂರಿಲ್ಲ. ಮನೆಯ ಬುತ್ತಿಯನ್ನೇ ಹೊಗೆಪೆಟ್ಟಿಗೆಯ ಸುತ್ತ ಕುಳಿತು, ಪರಿಮಳವನ್ನು ನಂಚಿಕೊಂಡು ಉಣ್ಣುತ್ತಾರೆ. ಮುಂದಿನ ತಿಂಗಳು ನಿವೃತ್ತರಾಗಬೇಕಿರುವ ಬೆರಳಚ್ಚುಗಾರ್ತಿ ಅಕ್ಕ ಮತ್ತು ಲೆಕ್ಕಿಗರು ತಮ್ಮ ಬೀಳ್ಕೊಡುಗೆಯ ಮಾಂಸವನ್ನೂ ಇದರಲ್ಲೇ ಬೇಯಿಸಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಕೆಳಗಿನ ತಟ್ಟೆಯಲ್ಲಿ ಜಾಗ ಖಾಲಿ ಇರುವುದರಿಂದ ಎರಡೂ ಅರ್ಜಿಗಳನ್ನು ಪುರಸ್ಕರಿಸಲಾಗಿದೆ.