ಅಂಬಣ್ಣನವರ ಪಾದಗಳ ಮೇಲೊಂದು ವಿದ್ವತ್ ಗೋಷ್ಠಿ

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಬಾರದು. ಕಲಿಯುವುದಕ್ಕೆ ವಯಸ್ಸಿಲ್ಲ ಎಂದು ಹಿರಿಯರು ಹೇಳಿರುವುದು ನಿಜ. ಆದರೆ ಆ ಹಿರಿಯರಲ್ಲಿ ಯಾರೂ ತಮಗಿಂತ ಹನ್ನೊಂದು ವರ್ಷ ಚಿಕ್ಕವರಾದ ಮೇಡಂ ಎದುರಿಗೆ ಎದ್ದು ನಿಂತು "ಗೊತ್ತಿಲ್ಲ ಮೇಡಂ" ಎಂದವರಲ್ಲ. ನಾನು ಎಂದಿದ್ದೇನೆ. ಗದ್ವಾಲದಲ್ಲಿ ಹದಿನಾರು ವರ್ಷ 'ನರದ ಡಾಕ್ಟ್ರು' ಎನಿಸಿಕೊಂಡು, ಭಾನುವಾರಕ್ಕೊಮ್ಮೆ ಮಕ್ತಲ್‌ಗೂ ಹೋಗಿ ದರ್ಶನ ಕೊಟ್ಟು, ಎರಡೂ ಊರಲ್ಲಿ ನನ್ನ ಮಾತಿಗೆ ಎದುರಾಡುವವರಿಲ್ಲ ಎಂಬ ಸ್ಥಿತಿಯನ್ನು ಕಷ್ಟಪಟ್ಟು ಕಟ್ಟಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಒಂದು ವರ್ಷದ ಫೆಲೋಶಿಪ್‌ಗೆಂದು ಹೈದರಾಬಾದಿಗೆ ಹೋದೆ. ವಿಷಯ, ಚಲನೆಯ ತೊಂದರೆಗಳು. ಅಂದರೆ ನಡುಗುವ ಕೈ, ತಿರುಚಿಕೊಳ್ಳುವ ಕುತ್ತಿಗೆ, ನೆಲಕ್ಕೆ ಅಂಟಿಕೊಳ್ಳುವ ಹೆಜ್ಜೆ, ಯಜಮಾನನ ಅಪ್ಪಣೆಯಿಲ್ಲದೆ ತಾನೇ ಕುಣಿಯುವ ಕಾಲು.

ಹೊರಡುವ ಮುಂಚೆ ನನ್ನ ಹೆಂಡತಿ ಸುಧಾ ಕೇಳಿದಳು, "ವರ್ಷಗಟ್ಲೆ ಅಲ್ಲಿ ಕೂತು ಏನು ಕಲೀತೀರಿ?"

"ಮಂದಿ ಹೆಂಗ ನಡೀತಾರ ಅಂತ ನೋಡೋದು."

"ನಮ್ಮ ಅಬಚಿ ನಾರಾಯಣಪೇಟಿ ಕಟ್ಟಿಮ್ಯಾಲೆ ಕೂತು ಐವತ್ತು ವರ್ಷ ಅದನ್ನ ಮಾಡ್ಯಾರ. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ."

ಅವಳ ಚಿಕ್ಕಮ್ಮನ ವಿದ್ವತ್ತಿನ ಬಗ್ಗೆ ನನಗೆ ಸಂಶಯವಿಲ್ಲ. ಓಣಿಯ ತಿರುವಿನಲ್ಲಿ ಕಾಣಿಸಿಕೊಂಡವನ ಹೆಜ್ಜೆ ನೋಡಿಯೇ ಅವರು "ಇವತ್ತು ಮನ್ಯಾಗ ಜಗಳ ಆಗೇದ" ಎನ್ನಬಲ್ಲವರು. ಆದರೆ ಕಟ್ಟೆಯ ವಿದ್ಯೆ ಬೇರೆ, ಶಾಸ್ತ್ರ ಬೇರೆ ಎಂದು ನಾನು ಗಂಭೀರವಾಗಿ ಹೇಳಿ ರೈಲು ಹತ್ತಿದೆ.

ನಮ್ಮ ಮೇಡಂ ಕೊಲ್ಕತ್ತಾದವರು. ಅವರದು ಒಂದೇ ಸೂತ್ರ. ರೋಗಿ ಬಂದ ಕೂಡಲೇ ಮುಟ್ಟಬೇಡಿ, ಮಾತಾಡಿಸಬೇಡಿ. ಐದು ನಿಮಿಷ ಸುಮ್ಮನೆ ನೋಡಿ, ಪ್ರಶ್ನೆಗಳು ಕೊನೆಗೆ. ನಾನು ಹಳೆಯ ಕಾಲದವನು. ಗುರುವಾಕ್ಯ ಸಿಕ್ಕರೆ ಅದನ್ನು ನಿತ್ಯಕರ್ಮಕ್ಕೆ ಸೇರಿಸಿಕೊಳ್ಳುವವನು. ರಜೆಗೆ ಬಂದಾಗ ಮಕ್ತಲ್ ಬಸ್ ನಿಲ್ದಾಣದಲ್ಲಿ ಕೂತು ಹೋಗಿಬರುವವರ ಹೆಜ್ಜೆ ಅಳೆಯುತ್ತಿದ್ದೆ. ಮಲ್ದಕಲ್‌ನಲ್ಲಿ ಒಂದು ಮದುವೆಗೆ ಹೋದಾಗ, ಮದುಮಗ ಸಪ್ತಪದಿ ತುಳಿಯುವಾಗ ಅವನ ಎಡಗೈ ಸ್ವಲ್ಪವೂ ಬೀಸುತ್ತಿಲ್ಲವೆಂದು ಗಮನಿಸಿ, ಇಷ್ಟು ಚಿಕ್ಕ ವಯಸ್ಸಿಗೇ ನಡುಗುವ ರೋಗ ಶುರುವಾಯಿತಲ್ಲ ಎಂದು ಊಟದುದ್ದಕ್ಕೂ ಮರುಗಿದೆ. ಆಮೇಲೆ ತಿಳಿಯಿತು, ಧೋತರದ ಗಂಟು ಸಡಿಲಾಗಿ ಪಾಪ ಅದನ್ನು ಹಿಡಿದುಕೊಂಡಿದ್ದನಂತೆ. ಇದನ್ನು ಎಚ್ಚರಿಕೆ ಎಂದು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ.

ವರ್ಷದ ಕೊನೆಗೆ ಪ್ರತಿಯೊಬ್ಬ ಫೆಲೋ ಒಬ್ಬ ರೋಗಿಯ ವಿಡಿಯೊ ತೋರಿಸಿ, ನೆರೆದ ಘಟಾನುಘಟಿ ನರತಜ್ಞರ ಮುಂದೆ ಒಂದು ಒಗಟನ್ನಿಡಬೇಕು. ಸಾಧ್ಯವಾದರೆ ರೋಗಿಯನ್ನೂ ಕರೆತರಬೇಕು. ಜೊತೆಯ ಹುಡುಗರೆಲ್ಲ ಆಗಲೇ ಒಂದೊಂದು ಅಪರೂಪದ ಕುತ್ತಿಗೆಯನ್ನೋ ಕೈಯನ್ನೋ ಹುಡುಕಿಕೊಂಡಿದ್ದರು. ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿಯಾದ ನನ್ನ ಬುಟ್ಟಿ ಮಾತ್ರ ಖಾಲಿ. ಹೀಗಿರುವಾಗ ನಾರಾಯಣಪೇಟೆಯ ಮಾವನವರ ಮನೆಗೆ ಹೋಗಿದ್ದೆ. ಎದುರುಗಡೆ ಎರಡು ವರ್ಷದಿಂದ ಒಂದು ಕಿರಾಣಿ ಅಂಗಡಿಯಿದೆ. ಬೇಳೆ ತೂಗುತ್ತಿದ್ದ ಅಂಗಡಿಯ ಅಂಬಣ್ಣನವರ ಪಾದಗಳ ಮೇಲೆ ನನ್ನ ದೃಷ್ಟಿ ಬಿತ್ತು. ಸ್ಟೂಲಿನ ಮೇಲೆ ಕೂತ ಮನುಷ್ಯ ಮೇಲೆ ಶಾಂತ. ಕೆಳಗೆ ಎಡ, ಬಲ, ಎಡ, ಬಲ ಎಂದು ಮುಂಗಾಲುಗಳು ಏಳುತ್ತ ಇಳಿಯುತ್ತ ಇದ್ದವು. ಒಮ್ಮೊಮ್ಮೆ ಥಟ್ಟನೆ ನಿಂತು, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಹೊರಡುತ್ತಿದ್ದವು. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಸಂತೋಷದಿಂದ ಜೇಬಿನ ಫೋನು ತೆಗೆದೆ. ಇನ್ನೊಬ್ಬರ ಕಾಲು ಕಂಡು ಇಷ್ಟು ಸಂತೋಷಪಡುವುದು ಪಾಪವೆಂದು ಆಗ ಹೊಳೆಯಲಿಲ್ಲ.

"ಅಂಬಣ್ಣ, ಒಂದು ವಿಡಿಯೊ ತಗೋತೀನಿ. ಹಂಗೇ ಕೂಡ್ರಿ, ಮಾತಾಡಬ್ಯಾಡ್ರಿ."

"ಯಾಕ್ರೀ ಡಾಕ್ಟ್ರ? ಏನಾರ ಐತೇನು?"

"ಮಾತಾಡಬ್ಯಾಡ್ರಿ ಅಂದ್ನಲ್ಲ."

ಅಷ್ಟರಲ್ಲಿ ಅವರ ಹೆಂಡತಿ ಈರಮ್ಮ ಒಳಗಿನಿಂದ ಬಂದರು. ಗಂಡನನ್ನು ನೋಡದೆ ನನ್ನ ಮುಖ ನೋಡಿದರು. ನನ್ನ ಮುಖ ಶಾಸ್ತ್ರೋಕ್ತವಾಗಿ ಗಂಭೀರವಾಗಿತ್ತು. "ನಮ್ಮ ಭಾವಗೂ ಕೈ ನಡುಗಾಕ ಹತ್ತಿ ಹಾಸಿಗಿ ಹಿಡದ್ರು. ಅದೇ ಏನ್ರೀ ಇದು?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಹೈದರಾಬಾದಿನಾಗ ದೊಡ್ಡವರು ನೋಡಿ ಹೇಳ್ತಾರ" ಎಂದೆ. ಜೀವನದಲ್ಲಿ ನಾನು ಆಡಿದ ಕೆಟ್ಟ ಮಾತುಗಳಲ್ಲಿ ಇದಕ್ಕೆ ಒಳ್ಳೆಯ ಸ್ಥಾನವಿದೆ. ಅಲ್ಲಿಂದ ಗೋಷ್ಠಿಯವರೆಗಿನ ಹದಿನೈದು ದಿನ ಅಂಬಣ್ಣ ಸರಿಯಾಗಿ ಊಟ ಮಾಡಲಿಲ್ಲವಂತೆ. ಯಾವ ರೋಗ, ದೇಹದ ಯಾವ ಭಾಗದ್ದು ಎಂದು ಕೂಡ ನಾನು ಅವರಿಗೆ ಹೇಳಿರಲಿಲ್ಲ.

ಗೋಷ್ಠಿಯ ದಿನ ಗಂಡಹೆಂಡತಿ ಇಬ್ಬರೂ ಒಗೆದ ಬಟ್ಟೆ ಉಟ್ಟು, ತೀರ್ಪು ಕೇಳಲು ಬಂದವರಂತೆ ಸಭೆಯ ಪಕ್ಕದ ಕುರ್ಚಿಗಳಲ್ಲಿ ಕೂತರು. ಪರದೆಯ ಮೇಲೆ ಪಾದಗಳು ಕಂಬದಷ್ಟು ದೊಡ್ಡದಾಗಿ ಮೂಡಿದವು. ಒಬ್ಬ ತಜ್ಞರು ಇದು ಮೆದುಳಿನ ಆಳದ ತೊಂದರೆ ಎಂದರು. ಇನ್ನೊಬ್ಬರು ಯಾವುದೋ ಹಳೆಯ ಗುಳಿಗೆಯ ಫಲ ಎಂದರು. ಮೂರನೆಯವರು ಎದ್ದು, ಇವರಿಬ್ಬರೂ ತಪ್ಪು ಎಂಬಷ್ಟನ್ನೇ ಹೇಳಿ ಕೂತರು. ನಡುವೆ ಪಾದಗಳು ಥಟ್ಟನೆ ನಿಲ್ಲುತ್ತವಲ್ಲ, ಆ ವಿರಾಮದಲ್ಲೇ ಎಲ್ಲ ರಹಸ್ಯವಿದೆ ಎಂಬುದಕ್ಕೆ ಮಾತ್ರ ಒಮ್ಮತವಿತ್ತು. ನಾನು ಹುಟ್ಟೂರಿಗೆ ಕೀರ್ತಿ ತಂದ ಮಗನಂತೆ ನಿಂತಿದ್ದೆ. ನಿದ್ದೆಯಲ್ಲೂ ಹೀಗಾಗುತ್ತದೆಯೇ ಎಂದು ಮನೆಯವರನ್ನು ಕೇಳಿ ಎಂದರು ಮೇಡಂ.

"ನಿದ್ದ್ಯಾಗೂ ಹಿಂಗ ಆಡತಾವೇನಮ್ಮಾ?"

"ಏನ್ರೀ?"

"ಕಾಲು."

ಈರಮ್ಮ ಆಗ ಮೊದಲ ಸಲ ತಲೆಯೆತ್ತಿ ಪರದೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬಿಚ್ಚಿಕೊಂಡಿತು. "ಇದರ ಸಲುವಾಗಿ ಕರಸೀರೇನ್ರೀ? ಇದು ರೋಗ ಅಲ್ರೀ ಯಪ್ಪಾ, ಮಗ್ಗ! ನೇಯಾಕತ್ಯಾರ. ನಲವತ್ತು ವರ್ಷ ಕುಣ್ಯಾಗ ಕಾಲು ಬಿಟ್ಟು ಕುಂತು ಮಗ್ಗ ತುಳದಾರ. ಕಣ್ಣು ಮಂಜಾದವು ಅಂತ ಬಿಟ್ಟು ಅಂಗಡಿ ಹಾಕಿದ್ರು. ಕಣ್ಣಿನ ಸುದ್ದಿ ಕಾಲಿಗೇನು ಗೊತ್ತು?" ಅಷ್ಟರಲ್ಲಿ ಪರದೆಯ ಪಾದಗಳು ನಿಂತವು. ಈರಮ್ಮ ಬೆರಳು ತೋರಿಸಿದರು. "ಹಾಂ, ಇಲ್ಲಿ ನೂಲು ಹರೀತು ನೋಡ್ರಿ. ಗಂಟು ಹಾಕಾಕತ್ಯಾರ... ಆತು, ಮತ್ತ ಶುರು." ಸಭೆಯ ಅನುಕೂಲಕ್ಕೆಂದು ಇದನ್ನೇ ತೆಲುಗಿನಲ್ಲೂ ಒಮ್ಮೆ ಹೇಳಿದರು. ಅರ್ಧ ಸಭೆ ನಕ್ಕಿತು. ಮೇಡಂ ನನ್ನತ್ತ ತಿರುಗಿದರು. ತನ್ನ ಮಾನಹಾನಿಯನ್ನು ತಾನೇ ವಾಕ್ಯ ವಾಕ್ಯವಾಗಿ ಇಂಗ್ಲಿಷಿಗೆ ಅನುವಾದಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಮೇಡಂ ನನ್ನ ಫೈಲು ತೆರೆದರು. ವೃತ್ತಿ ಎಂಬಲ್ಲಿ 'ವ್ಯಾಪಾರ' ಎಂದಿತ್ತು. "ಕೊನೆಗೆ ಕೇಳಿ ಎಂದಿದ್ದೆ. ಕೇಳಲೇಬೇಡಿ ಎಂದಿರಲಿಲ್ಲ" ಎಂದರು. ನಾನು ಅಂಬಣ್ಣನ ಕಡೆ ತಿರುಗಿ, ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಮಾತಾಡಬ್ಯಾಡ ಅಂದ್ರಲ್ರೀ. ಕಾಲು ಆಡತಾವ ಅಂತ ನಂಗೂ ಗೊತ್ತಿಲ್ಲ. ನೀವು ಕೆಳಗ ನೋಡ್ತಿದ್ರಿ, ಚಪ್ಪಲಿ ನೋಡಾಕತ್ತೀರಿ ಅನಕೊಂಡೆ. ಅಂಗಡ್ಯಾಗ ಬ್ಯಾಸರಾದ್ರ ಮನಸಿನಾಗ ಒಂದು ಸೀರಿ ನೇಯ್ತೀನ್ರೀ, ಅಷ್ಟ."

ಯಾವ ಬಣ್ಣ ಎಂದು ಕೇಳಿ ಎಂದರು ಮೇಡಂ, ಅತ್ಯಂತ ಗಂಭೀರವಾಗಿ.

"ದಾಳಿಂಬ್ರಿ ಒಡಲು, ಹಸರು ದಡಿ. ಮಮ್ಮಗಳ ಮದ್ವಿಗೆ. ಅವಸರೇನಿಲ್ರೀ, ಆಕಿ ಇನ್ನಾ ಸಾಲ್ಯಾಗ ಐದನೆತ್ತ ಓದಾಕತ್ಯಾಳ."

ಮೇಡಂ ಅವರನ್ನು ತಲೆಯಿಂದ ಕಾಲಿನವರೆಗೆ ತಾವೇ ಪರೀಕ್ಷಿಸಿ, ಏನೂ ಇಲ್ಲ ಎಂದು ನನ್ನಿಂದ ಎರಡು ಸಲ ಹೇಳಿಸಿದರು. ಈರಮ್ಮ ಕಣ್ಣೊರೆಸಿಕೊಂಡು ನಕ್ಕರು. ಪ್ರಮಾಣಪತ್ರ ನನಗೂ ಸಿಕ್ಕಿತು. ಈ ವರ್ಷ ಯಾರೂ ಮರೆಯಲಾರದ ಪಾಠ ನಿಮ್ಮದೇ ಎಂದರು ಮೇಡಂ. ಅದು ಹೊಗಳಿಕೆಯೇ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಅವರಿಬ್ಬರ ಜೊತೆಗೇ ಬಸ್ಸಿನಲ್ಲಿ ಹೊರಟೆ. ಹದಿನೈದು ದಿನದ ಹಸಿವನ್ನು ಅಂಬಣ್ಣ ದಾರಿಯ ಮಿರ್ಚಿಭಜ್ಜಿಯಲ್ಲಿ ತೀರಿಸಿಕೊಂಡರು. ಮರಿಕಲ್ ದಾಟಿದ ಮೇಲೆ ಅವರು ಮಾತು ನಿಲ್ಲಿಸಿ ನನ್ನ ಬಲಗೈಯನ್ನೇ ನೋಡತೊಡಗಿದರು. ಮುಟ್ಟಲಿಲ್ಲ, ಕೇಳಲಿಲ್ಲ, ಪೂರಾ ಐದು ನಿಮಿಷ ನೋಡಿದರು. ಆಮೇಲೆ ಮೆಲ್ಲಗೆ, "ಡಾಕ್ಟ್ರ, ಎಷ್ಟ್ ದಿನದಿಂದ ಐತ್ರೀ ಇದು?" ಎಂದರು.

ನೋಡಿದೆ. ತೊಡೆಯ ಮೇಲೆ ನನ್ನ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ಕೂಡುತ್ತ ಬಿಡುತ್ತ ಇದ್ದವು. ರೋಗಿಗಳ ಬೆರಳಿನ ಚುರುಕು ನೋಡಲು ನಾವು ಮಾಡಿಸುವ ಪರೀಕ್ಷೆ ಅದು. ಒಂದು ವರ್ಷ ದಿನವಿಡೀ ಎಲ್ಲರಿಗೂ ಹೀಗೆ ಮಾಡಿ ಎಂದು ತೋರಿಸಿ ತೋರಿಸಿ ನನ್ನ ಬೆರಳು ಆ ಕೆಲಸವನ್ನು ಕಾಯಂ ನೌಕರಿ ಮಾಡಿಕೊಂಡಿತ್ತು. ವರ್ಷವಿಡೀ ಅಷ್ಟು ತಜ್ಞರ ನಡುವೆ ಓಡಾಡಿದ್ದೆ, ಒಬ್ಬರಾದರೂ ಇದನ್ನು ನೋಡಿರಲಿಲ್ಲ. ನಾನಂತೂ ನೋಡಿರಲಿಲ್ಲ. ನಾಚಿಕೆಯಿಂದ ಕೈಯನ್ನು ಚೀಲದ ಕೆಳಗೆ ಸರಿಸಲು ಹೋದೆ.

ಅಂಬಣ್ಣ ತಡೆದರು. "ಇರ್ಲಿ ಬಿಡ್ರೀ. ನಡುವ ನಿಲ್ಲಿಸಿದ್ರ ನೂಲು ಹರೀತೈತಿ."