ಕೆಂಪಂಗಿ ಮೇಳದ ತಿರುಗಾಟ

ನಗೆಪಾಟಲನ್ನು ನಾನು ಹುಡುಕಿಕೊಂಡು ಹೋಗುವವಳಲ್ಲ ಮಾರಾಯ್ರೆ. ಅದೇ ನಾವುಂದದಲ್ಲಿ ನನ್ನ ಜೊತೆ ಬಸ್ಸು ಹತ್ತಿ, ಪಕ್ಕದ ಸೀಟಿನಲ್ಲಿ ಕೂತು, ಕುಂದಾಪುರದ ಆಫೀಸಿನವರೆಗೂ ಬರುತ್ತದೆ. ಈಗಿನ ಕೆಲಸ ಸಿಕ್ಕಿದ ಮೇಲಂತೂ ಅದು ಬಸ್ ಪಾಸೇ ಮಾಡಿಸಿಕೊಂಡಿದೆ.

ಕೆಲಸ ಎಂತದ್ದು ಅಂದರೆ, ಅಮೆರಿಕದ ಒಂದು ಫುಟ್‌ಬಾಲ್ ತಂಡದ ಆಟದ ವೀಡಿಯೊ ನೋಡುವುದು. ಯಾರು ಓಡಿದ, ಯಾರು ಬೀಳಿಸಿದ, ಯಾರು ಸುಮ್ಮನೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ ಎಂದು ಬರೆದು ಅವರ ಕೋಚ್‌ಗೆ ಕಳಿಸುವುದು. ಗಂಡಸರು ದೊಪ್ಪ ದೊಪ್ಪ ಬೀಳುವುದನ್ನು ನೋಡಿದ್ದಕ್ಕೆ ಸಂಬಳ ಕೊಡುವ ಜಾಗ ನಮ್ಮ ಕಡೆ ಇನ್ನೊಂದಿಲ್ಲ. ಇದ್ದರೆ ಹೇಳಿ, ನನ್ನ ನಾದಿನಿಯೂ ಕೆಲಸ ಹುಡುಕುತ್ತಿದ್ದಾಳೆ.

ಕಾಯಿ ರೇಟು

ನಮ್ಮ ಮ್ಯಾನೇಜರು ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಮನುಷ್ಯ. ಆಫೀಸನ್ನೂ ಹೋಟೆಲಿನ ಹಾಗೆಯೇ ನಡೆಸುತ್ತಾರೆ. ವೀಡಿಯೊ ಬಂದರೆ "ಆರ್ಡರ್ ಬಂತ್" ಅನ್ನುತ್ತಾರೆ, ಬರೆದು ಕಳಿಸಿದರೆ "ಪಾರ್ಸೆಲ್ ಹೋಯ್ತ್" ಅನ್ನುತ್ತಾರೆ.

ಮೊದಲ ದಿನ ನನ್ನನ್ನು ಕೇಳಿದರು, "ಫುಟ್‌ಬಾಲ್ ಗೊತ್ತಿತ್ತಾ?"

"ಗೊತ್ತಿತ್ತ್ ಸರ್" ಅಂದೆ. ಶಾಲೆಯಲ್ಲಿ ಆಡಿದವಳು ನಾನು.

ವೀಡಿಯೊ ಹಾಕಿದರು. ತಲೆಗೆ ಹೆಲ್ಮೆಟ್ಟು, ಭುಜದ ಮೇಲೆ ದಿಂಬು ಕಟ್ಟಿಕೊಂಡ ದಾಂಡಿಗರು. ಒಬ್ಬ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದ, ಉಳಿದವರು ಅವನ ಮೇಲೆ ರಾಶಿ ಬಿದ್ದರು.

"ಸರ್, ಅವ ಕೈಯಗೆ ಹಿಡ್ಕಂಡ್ ಓಡ್ತ! ಫೌಲ್ ಅಲ್ದಾ?"

"ಅದೇ ಆಟ. ನೀವ್ ಬರೀನಿ."

ಸಂಜೆ ಮನೆಗೆ ಬಂದು ಅತ್ತೆಗೆ ಫೋನಿನಲ್ಲಿ ತೋರಿಸಿದೆ. ನಮ್ಮತ್ತೆ ನಾವುಂದದಲ್ಲಿ ಮೀನು ಮಾರುವವರು, ಯಾವುದನ್ನೂ ತಿರುವಿ ಹಾಕಿ ನೋಡದೆ ಬಿಡುವವರಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಚೆಂಡು ಬೇರೆ ಕಂದು ಬಣ್ಣ, ಎರಡೂ ತುದಿ ಚೂಪು.

"ಹೆಣೇ, ಒಂದ್ ಒಣ್ಕ್ ಕಾಯಿಗೆ ಇಷ್ಟ್ ಜನ ಹೊಡ್ದಾಡುದಾ?"

"ಕಾಯಿ ಅಲ್ಲ ಅತ್ತೆ, ಅದ್ ಚೆಂಡ್."

"ಸುಮ್ನಿರ್. ನಾನ್ ಕಾಯಿ ಕಾಣ್ದವ್ಳಾ?" ಅಂದವರು ಫೋನು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ಅಯ್ಯಬ್ಯೆ! ಕಾಯಿ ರೇಟ್ ಏರದ್ದ್ ನಮ್ಮಲ್ಲಿ ಮಾತ್ರ ಅಲ್ಲ ಹಾಂಗಾರೆ."

ಭಾಗವತರ ಆರೋಗ್ಯ

ಆಟಗಾರರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ನಾವೇ ಇಟ್ಟುಕೊಂಡೆವು. ಎದುರು ನಿಂತು ದೂಡುವ ದಪ್ಪದವರು "ದೋಣಿ ದೂಡುವವರು." ಕೈಗೆ ಸಿಗದೆ ಚಿಮ್ಮುವ ಸಣ್ಣವನು "ಸಿಗಡಿ." ಹಿಂದೆ ನಿಂತು, ಯಾರು ಎಲ್ಲಿ ಹೋಗಬೇಕು ಎಂದು ಕೂಗಿ ಆಟ ಶುರು ಮಾಡಿಸುತ್ತಾನಲ್ಲ, ಚೆಂಡು ಎಸೆಯುವ ಮುಖ್ಯಸ್ಥ, ಅವನಿಗೆ "ಭಾಗವತರು." ಯಕ್ಷಗಾನದಲ್ಲಿ ಭಾಗವತರು ಪದ ಎತ್ತದೆ ಯಾರು ಕುಣಿಯುತ್ತಾರೆ ಹೇಳಿ? ಅವರ ತಂಡವೂ ಯಕ್ಷಗಾನ ಮೇಳದ ಹಾಗೆ ವಾರ ಬಿಟ್ಟು ವಾರ ಪರವೂರಿಗೆ ಹೋಗಿ ಆಡುವುದರಿಂದ, ಆ ವರ್ಷದ ಆಟಗಳಿಗೆಲ್ಲ ನಾವು "ತಿರುಗಾಟ" ಅಂತಲೇ ಅನ್ನುತ್ತಿದ್ದೆವು.

ಒಂದು ವಾರ ಗಡಿಬಿಡಿಯಲ್ಲಿ ನಾನು ಹೆಸರು ಬದಲಿಸದೆ ಹಾಗೆಯೇ ಕಳಿಸಿಬಿಟ್ಟೆ. ಮರುದಿನ ಕೋಚ್‌ನ ಸಹಾಯಕರು, ಬಿಳಿ ಗಡ್ಡದ ದೊಡ್ಡ ಮನುಷ್ಯ, ವೀಡಿಯೊ ಕಾಲ್ ಮಾಡಿದರು. ಮುಖದಲ್ಲಿ ನಿಜವಾದ ಚಿಂತೆ.

"ಭಾಗವತ ಅಂತ ನಿಮ್ಮಲ್ಲಿ ಯಾರೋ ಕೆಲಸಕ್ಕಿದ್ದಾರಲ್ಲ, ಅವರ ಬಗ್ಗೆ ಮಾತಾಡಬೇಕಿತ್ತು" ಅಂದರು ಇಂಗ್ಲಿಷಿನಲ್ಲಿ. "ಭಾಗವತರು ಎಡಗಡೆ ನೋಡುವುದೇ ಇಲ್ಲ, ಯಾರಾದರೂ ಹತ್ತಿರ ಬಂದರೆ ಹೆದರುತ್ತಾರೆ, ಮತ್ತೆ ಮತ್ತೆ ಅಂಗಾತ ಬೀಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಂಥವರಿಂದ ಕೆಲಸ ಮಾಡಿಸುವುದು ಸರಿಯಲ್ಲ. ದಯವಿಟ್ಟು ರಜೆ ಕೊಡಿ."

ನಾನು ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುವ ನೆಪದಲ್ಲಿ ಬಗ್ಗಿದವಳು ಏಳಲೇ ಇಲ್ಲ. ಮ್ಯಾನೇಜರು ಹೋಟೆಲಿನಲ್ಲಿ ಎಂಥೆಂಥ ಗಿರಾಕಿಗಳನ್ನು ಸಂಭಾಳಿಸಿದವರು. ಗಂಭೀರವಾಗಿ, "ಕೊಟ್ಟಾಗಿದೆ, ಈಗ ಅವರು ತಿರುಗಾಟದಲ್ಲಿದ್ದಾರೆ" ಅಂದರು.

ಅಂದಿನಿಂದ ಆ ಪುಣ್ಯಾತ್ಮರು ಪ್ರತಿ ಕಾಲ್‌ನ ಕೊನೆಗೂ ಭಾಗವತರ ಆರೋಗ್ಯ ವಿಚಾರಿಸುತ್ತಾರೆ. ಈಗ ತುಸು ಅಡ್ಡಿಲ್ಲ ಎಂದು ನಾವೂ ಹೇಳುತ್ತೇವೆ.

ಮೊನ್ನೆಯದು

ಹಾಗೆ ನಗುತ್ತಿದ್ದವರ ಬಾಯಿ ಮುಚ್ಚಿದ್ದು ತಂಡ ಸಾಲಾಗಿ ಸೋಲತೊಡಗಿದಾಗ. ಮ್ಯಾನೇಜರು ಎಲ್ಲರನ್ನೂ ಕರೆದು ಹೇಳಿದರು, "ಇವ್ರ್ ಮುಂದಿನ ಸುತ್ತಿಗೆ ಹೋಯ್ಲಿಲ್ಲ ಅಂದ್ರೆ ಕೋಚ್ ಮನಿಗೆ. ಹೊಸ ಕೋಚ್ ಬಂದ್ರೆ ಅವ್ರ ಜನನ್ನೇ ತಕಂಡ್ ಬತ್ರ್. ನಮ್ಮ ಅಂಗಡಿ ಬಂದ್."

ಮನೆಗೆ ಬಂದು ಹೇಳಿದರೆ ಅತ್ತೆ, "ಹೋದ್ರೆ ಹೋಯ್ತ್. ಮೀನ್ ಬುಟ್ಟಿ ಇತ್ತಲ್ಲೆ" ಅಂದರು. ಅದೇ ನನ್ನ ಹೆದರಿಕೆ! ನನ್ನ ತವರು ಬ್ರಹ್ಮಾವರ, ಅಪ್ಪಯ್ಯನದು ಬಟ್ಟೆ ಅಂಗಡಿ. ನಮ್ಮ ಮನೆಗೆ ಮೀನು ಬರುವಾಗಲೇ ತುಂಡಾಗಿ ಬರುತ್ತಿತ್ತು. ಮಾರ್ಕೆಟಿನಲ್ಲಿ ಕೂತು ಕೂಗಿ ಮಾರುವ ಗಂಟಲು ನನಗಿಲ್ಲ. ಏನೇ ಆದರೂ ಆ ಕುರ್ಚಿ, ಆ ಫ್ಯಾನು, ಆ ಬೀಳುವ ಗಂಡಸರು ನನಗೆ ಬೇಕಿತ್ತು.

ಒಂದು ಭಾನುವಾರ ಅತ್ತೆ ಶಿರೂರಿಗೆ ಮದುವೆಗೆ ಹೋಗುವಾಗ, "ಇವತ್ತ್ ಒಂದ್ ದಿನ ಕೂಕೊ, ಅಭ್ಯಾಸ ಆಯ್ಲಿ" ಎಂದು ನನ್ನನ್ನು ಬುಟ್ಟಿಯ ಮುಂದೆ ಕೂರಿಸಿಯೇ ಬಿಟ್ಟರು. ಒಬ್ಬರು ಬಂದು ಬಂಗಡೆ ಎತ್ತಿ ನೋಡಿ, "ಇದ್ ಇವತ್ತಿಂದಾ?" ಎಂದು ಕೇಳಿದರು.

ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ನನ್ನ ಕೆಲಸ. ಬಾಯಿಗೂ ಅದೇ ಅಭ್ಯಾಸ. "ಅಲ್ಲ, ನಿನ್ನೆದ್" ಅಂದೆ. ಅವರು ಸುಮ್ಮನೆ ನಿಂತದ್ದು ನೋಡಿ, ಇನ್ನೂ ವಿವರ ಬೇಕೇನೋ ಅಂದುಕೊಂಡು, "ಈ ಬದಿಯದ್ದ್ ಮೊನ್ನಿದ್" ಎಂದೂ ಸೇರಿಸಿದೆ.

ಅವರು ಹೋದರು. ಅವರ ಹಿಂದಿದ್ದವರೂ ಹೋದರು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬುಟ್ಟಿಯ ಹೆಂಗಸು ಖಾಲಿ ಬುಟ್ಟಿ ಮಗುಚಿ ಹಾಕಿ ನನ್ನ ಗಲ್ಲ ಹಿಡಿದಳು.

"ನೀನ್ ದಿನಾ ಬಾ ಹೆಣೇ. ನಂಗ್ ವ್ಯಾಪಾರ ಲಾಯ್ಕಾತ್ತ್."

ಸಂಜೆ ಬಂದ ಅತ್ತೆ ತುಂಬಿದ ಬುಟ್ಟಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಉಪ್ಪಿನ ಚೀಲ ಎಳೆದುಕೊಂಡು ಅಷ್ಟೂ ಬಂಗಡೆಗೆ ಉಪ್ಪು ಹಾಕಲು ಕೂತರು.

ಅಂಗಿ ಬದಲು

ಅತ್ತೆಯ ಹರಕೆ ಹುಸಿಯಾದದ್ದಿಲ್ಲ ಎಂದು ಊರಲ್ಲೇ ಮಾತಿದೆ. ನಾನು ಬಾಯಿ ತಪ್ಪಿ ಅದನ್ನು ಆಫೀಸಿನಲ್ಲಿ ಹೇಳಿದೆ. ಮ್ಯಾನೇಜರು ಹಿಡಿದುಕೊಂಡೇ ಬಿಟ್ಟರು, "ಅವ್ರ ಹತ್ರ ಒಂದ್ ಹೂವಿನ ಪೂಜೆ ಹರ್ಕಿ ಹೇಳ್ಸ್‌ನಿ!"

ಅತ್ತೆ ಕೇಳಿದರು, "ನಿಮ್ಮವ್ರ್ ಯಾರ್?" ನಾನು ತೋರಿಸಿದೆ, "ಈ ಕೆಂಪಂಗಿಯವ್ರ್."

ಆ ವಾರ ನಮ್ಮವರು ಗೆದ್ದರು! ಆಫೀಸಿನಲ್ಲಿ ಎಲ್ಲರಿಗೂ ಗೋಳಿಬಜೆ. ಮುಂದಿನ ವಾರ ಸೋತರು. ಅದರ ಮುಂದಿನ ವಾರ ಗೆದ್ದರು. ಮತ್ತೆ ಸೋತರು. ಮ್ಯಾನೇಜರು ತಲೆ ಕೆರೆದು ಕೆರೆದು ಕೊನೆಗೆ ಗುಟ್ಟು ಹಿಡಿದರು. ನಮ್ಮವರು ತಮ್ಮೂರಲ್ಲಿ ಆಡುವಾಗ ಕೆಂಪಂಗಿ ಹಾಕುತ್ತಾರೆ, ಪರವೂರಿಗೆ ಹೋದರೆ ಬಿಳಿ!

"ಕಂಡ್ರ್ಯಾ! ದೇವ್ರ್ ಸರಿಯಾಗೇ ಮಾಡಿರ್. ನಮ್ದೇ ಅಡ್ರೆಸ್ ತಪ್ಪ್" ಅಂದರು.

ಉಳಿದದ್ದು ಒಂದೇ ಆಟ, ಅದೂ ಪರವೂರಿನಲ್ಲಿ. ಗೆದ್ದರೆ ಮುಂದಿನ ಸುತ್ತು, ಸೋತರೆ ನನಗೆ ಬುಟ್ಟಿ. ನಾನು ಹೆದರಿ ಹೆದರಿ ಹೇಳಿದೆ, "ಅತ್ತೆ, ಈ ಸಲ ಬಿಳಿ ಅಂಗಿ ಅಂದ್ ಹರ್ಕಿ ತಿದ್ದುಕಾತ್ತಾ?"

ಅತ್ತೆ ಕತ್ತಿ ಕೆಳಗಿಟ್ಟರು. "ದೇವ್ರ್ ಎಂತ, ಮಡಿವಾಳರಾ? ವಾರ ವಾರ ಅಂಗಿ ಲೆಕ್ಕ ಕೊಡುಕೆ?"

ಆದರೂ ಮರುದಿನ ಮಿಂದು, ಹಣ್ಣುಕಾಯಿ ಹಿಡಿದುಕೊಂಡು ದೇವಸ್ಥಾನಕ್ಕೆ ಹೋಗಿ ಬಂದರು. ಎಂತ ಹೇಳಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕೊನೆಯ ಆಟ

ಅಲ್ಲಿ ಭಾನುವಾರದ ಆಟ, ನಮಗೆ ಸೋಮವಾರ ಬೆಳಗಿನ ಚಾ ಹೊತ್ತು. ಎಲ್ಲರೂ ಬೇಗ ಬಂದು ಪರದೆಯ ಮುಂದೆ ಕೂತೆವು. ಆಟಗಾರರು ಮೈದಾನಕ್ಕೆ ಇಳಿದರು. ನೋಡಿದರೆ, ಎದುರಾಳಿಗಳು ಬಿಳಿ ಅಂಗಿ! ನಮ್ಮವರು ಕೆಂಪು! ಊರಿನವರಿಗೆ ಬೇಕಾದರೆ ಬಿಳಿ ಆರಿಸಿಕೊಳ್ಳಬಹುದಂತೆ, ಆಗ ಬಂದವರು ಬಣ್ಣದ್ದು ಹಾಕಬೇಕಂತೆ. ಇದನ್ನು ಮೊದಲೇ ಹೇಳಬಾರದಾ ಈ ಅಮೆರಿಕದವರು?

"ಅಕ್ಕಾ, ಅತ್ತೆಗೆ ಫೋನ್ ಮಾಡ್ನಿ!" ಎಂದು ಮ್ಯಾನೇಜರು ಕಿರುಚಿದರು.

ಮಾಡಿದೆ. ಆ ಕಡೆ ಮಾರ್ಕೆಟಿನ ಗಲಾಟೆ. "ಅತ್ತೆ, ಅಂಗಿ ಅದ್ಲ್ ಬದ್ಲ್ ಆಯ್ತ್! ಕೆಂಪ್ ಅಂದ್ ಹೇಳಿ!"

"ಗಿರಾಕಿ ಇದ್ರ್. ಫೋನ್ ಇಡ್" ಅಂದರು, ಇಟ್ಟರು.

ಆಮೇಲಿನದ್ದು ಕೇಳಬೇಡಿ. ನಮ್ಮವರು ಹಿಂದೆ ಬಿದ್ದರು. ಸಿಗಡಿ ಎರಡು ಸಲ ಚೆಂಡು ಕೈಬಿಟ್ಟ. ಮ್ಯಾನೇಜರು ಗೋಡೆಗೆ ಮುಖ ಮಾಡಿ ಕೂತರು. ನನ್ನ ಕಣ್ಣಿಗೆ ಪರದೆಯ ತುಂಬ ಬಂಗಡೆಯೇ ಕಾಣುತ್ತಿತ್ತು. ಕೊನೆಯ ಗಳಿಗೆಯಲ್ಲಿ ಭಾಗವತರು ಜೀವಮಾನದಲ್ಲಿ ಮೊದಲ ಸಲ ಎಡಕ್ಕೆ ನೋಡಿದರು! ಅಲ್ಲೊಬ್ಬ ಒಂಟಿಯಾಗಿ ನಿಂತಿದ್ದ. ಎಸೆದರು, ಅವ ಹಿಡಿದ, ಓಡಿದ, ಗೆದ್ದೆವು! ಮ್ಯಾನೇಜರು ನೀರಿನ ಕ್ಯಾನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ಮುಂದಿನ ವರ್ಷಕ್ಕೂ ನನ್ನ ಕುರ್ಚಿ ನನಗೆ!

ಒಂದು ಪೊಟ್ಟಣ ಜಿಲೇಬಿ ಹಿಡಿದುಕೊಂಡು ಬಸ್ಸು ಹತ್ತಿ ನೆಟ್ಟಗೆ ನಾವುಂದದ ಮಾರ್ಕೆಟಿಗೆ ಬಂದೆ. ಗಿರಾಕಿಗಳ ಎದುರೇ ಅತ್ತೆಯ ಕಾಲು ಮುಟ್ಟಿದೆ.

"ಗೆದ್ರ್ ಅತ್ತೆ! ನಿಮ್ಮ ಹರ್ಕಿಯಿಂದ್ಲೇ! ಕೆಂಪ್ ಅಂದ್ರ್ಯಾ, ಬಿಳಿ ಅಂದ್ರ್ಯಾ? ಯಾವ್ ಅಂಗಿ ಹೇಳ್ದ್ರಿ ನೀವ್?"

ಅತ್ತೆ ಜಿಲೇಬಿ ಬಾಯಿಗೆ ಹಾಕಿಕೊಂಡರು.

"ಅಂಗಿ ಸುದ್ದಿ ನಂಗೆಂತಕ್? 'ದೇವ್ರೇ, ಅಲ್ಲಿ ಯಾರ್ ಗೆದ್ರೂ ಅಡ್ಡಿಲ್ಲೆ, ಈ ಹೆಣ್ಣ್ ಮಾತ್ರ ಇನ್ನ್ ನನ್ನ್ ಬುಟ್ಟಿ ಹತ್ರ ಬಪ್ಪುದ್ ಬ್ಯಾಡ' ಅಂದೆ."